ಅಳಿಯಂದಿರನ್ನು ಗೆಲ್ಲಿಸುವ ಕೆಲಸ

ಇಂಥವೆಲ್ಲ ನನ್ನ ಪಾಲಿಗೇ ಯಾಕೆ ಮೇಲಿಂದ ಮೇಲೆ ಬರುತ್ತವೆ ಅಂತ ನನಗಂತೂ ತಿಳಿಯದು. ನಾನು ಟ್ರ್ಯಾಕ್ಟರ್ ಡ್ರೈವರ್. ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನ ಹೊಲಗಳ ಧೂಳು ತಿಂದವನು. ಕ್ಲಚ್ ತುಳಿದು ತುಳಿದು ನನ್ನ ಎಡಗಾಲಿಗೆ ಒಂದು ಚಟ ಹತ್ತಿಬಿಟ್ಟಿದೆ. ಕುಂತಲ್ಲಿ ಸುಮ್ಮನಿರುವುದಿಲ್ಲ, ಅಲುಗಾಡುತ್ತಲೇ ಇರುತ್ತದೆ. ಊಟಕ್ಕೆ ಕುಂತರೂ ಅಷ್ಟೇ, ಯಾರದೋ ಮಣ್ಣಿಗೆ ಹೋಗಿ ಕುಂತರೂ ಅಷ್ಟೇ. ಮನಸ್ಸೂ ಆ ಕಾಲಿನ ಜಾತಿಯದೇ.

ಸುಗ್ಗಿ ಮುಗಿದು ಜೋಳದ ಹೊಲ ಖಾಲಿಯಾದ ಮೇಲೆ ನಮ್ಮ ಕಡೆ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇಡುತ್ತಾರೆ. ಹಿಂದೆ ಖಾಲಿ ಟ್ರಾಲಿ ಕಟ್ಟಿಕೊಂಡ ಎಂಟು ಹತ್ತು ಟ್ರ್ಯಾಕ್ಟರು ಸಾಲಾಗಿ ನಿಲ್ಲುತ್ತವೆ. ಪ್ರತಿಯೊಂದಕ್ಕೂ ಎರಡು ಸುಣ್ಣದ ಗೆರೆಗಳ ನಡುವೆ ಒಂದು ದಾರಿ. ಸೀಟಿ ಊದಿದ ಕೂಡಲೆ ಎಲ್ಲರೂ ಕುತ್ತಿಗೆ ಹಿಂದಕ್ಕೆ ತಿರುವಿಕೊಂಡು ಹಿಮ್ಮುಖವಾಗಿ ಓಡಿಸಬೇಕು. ದೂರದ ಬಾವುಟಕ್ಕೆ ಯಾರ ಟ್ರಾಲಿ ಮೊದಲು ಮುಟ್ಟುತ್ತದೋ ಅವನು ಗೆದ್ದ. ಗೆರೆ ತುಳಿದವನು ಅಲ್ಲಿಗೇ ಔಟ್. ಅವಸರ ಮಾಡಿದವರ ಟ್ರಾಲಿ ಅಡ್ಡ ತಿರುಗಿ ಗೆರೆ ತುಳಿದೇ ತುಳಿಯುತ್ತದೆ. ಹಾಗಾಗಿ ಅರ್ಧ ದಾರಿಗೆ ಮುಕ್ಕಾಲು ಮಂದಿ ಕೆಳಗಿಳಿದು ಬೀಡಿ ಹಚ್ಚಿರುತ್ತಾರೆ.

ನಮ್ಮ ಸಾಹುಕಾರರಿಗೆ ಮೊದಲು ಇದ್ದದ್ದು ಒಂದೇ ಟ್ರ್ಯಾಕ್ಟರು, ಈ ಸ್ಪರ್ಧೆಯ ಗೋಜೂ ಇರಲಿಲ್ಲ. ಮಗಳ ಮದುವೆಯಾಯಿತು. ಮನೆಗೆ ಅಳಿಯ ಬಂದ, ಹೊಸ ಟ್ರ್ಯಾಕ್ಟರೂ ಬಂತು. ಹೊಸದರ ಮೇಲೆ ಅಳಿಯ, ಹಳೆಯದರ ಮೇಲೆ ನಾನು. ಅಲ್ಲಿಂದ ಶುರುವಾಯಿತು ನನ್ನ ಪಡಿಪಾಟಲು.

೧. ಅತನೂರ

ಅಳಿಯನ ಮೊದಲ ಸ್ಪರ್ಧೆ ಅತನೂರದಲ್ಲಿ. ಶಾಮಿಯಾನದ ಕೆಳಗೆ ಬೀಗರ ಕಡೆಯ ಹತ್ತು ಮಂದಿ ಬಂದು ಕುಂತಿದ್ದರು. ಸಾಹುಕಾರರು ನನ್ನನ್ನು ಬದಿಗೆ ಕರೆದರು.

"ಲೇ ತಮ್ಮಾ, ಬೀಗರು ನೋಡಾಕತ್ತಾರ. ಅಳಿಯಂದ್ರು ಗೆಲ್ಲಲಿ. ನೀ ಒಂದೀಟ ಹಿಂದ ಉಳಿ."

ಆಗಲಿ ಅಂದೆ. ಅದೇನು ಮಹಾ ಕೆಲಸ ಅಂದುಕೊಂಡಿದ್ದೆ. ಸೀಟಿ ಊದಿದರು. ಅರ್ಧ ದಾರಿಯಲ್ಲಿ ಉಳಿದವರೆಲ್ಲ ಗೆರೆ ತುಳಿದು ಔಟಾದರು, ನಾವಿಬ್ಬರೇ ಉಳಿದೆವು. ಅಳಿಯ ಗೆರೆ ತುಳಿಯುವವನಲ್ಲ, ಯಾಕೆಂದರೆ ಅವನ ಟ್ರ್ಯಾಕ್ಟರು ಚಲಿಸುತ್ತಿದೆಯೋ ಇಲ್ಲವೋ ಅಂತ ಗಾಲಿ ನೋಡಿ ಗೊತ್ತು ಮಾಡಿಕೊಳ್ಳಬೇಕು. ನಾನು ಎಷ್ಟು ನಿಧಾನ ಮಾಡಿದರೂ ಅವನಿಗಿಂತ ಮುಂದೆಯೇ ಇದ್ದೆ. ಕೊನೆಗೆ ನಿಲ್ಲಿಸಿ ಕೆಳಗಿಳಿದು ಟೈರು ಒದ್ದು ನೋಡಿದೆ. ಒಂದಲ್ಲ, ಆರೂ ಟೈರು. ತಿರುಗಿ ನೋಡಿದರೆ ಅಳಿಯ ಮೂರು ಮಾರು ಬಂದಿದ್ದ. ಅಷ್ಟರಲ್ಲಿ ಜನರ ನಡುವಿನಿಂದ ಒಬ್ಬ ಫಿಟ್ಟರ್ ಪಾನಾ ಹಿಡಿದು ಓಡಿಬಂದು, ಎಲ್ಲ ನಟ್ಟು ಬಿಗಿ ಮಾಡಿ, ಏನೂ ಆಗಿಲ್ಲ, ನಡೀರಿ ಅಂತ ನನ್ನನ್ನು ಮತ್ತೆ ಹತ್ತಿಸಿದ.

ಆಗಲೇ ಅಳಿಯನ ಇಂಜಿನ್ ಬಂದ್ ಆಯಿತು. ನನಗೆ ದಿಕ್ಕು ತೋಚದೆ ನನ್ನದನ್ನೂ ಬಂದ್ ಮಾಡಿದೆ, ಚಾಲೂ ಆಗುತ್ತಿಲ್ಲ ಅಂದೆ. ಅತನೂರದ ಮಂದಿ ಬಹಳ ಒಳ್ಳೆಯವರು. ಹತ್ತು ಜನ ಬಂದು ನನ್ನ ಟ್ರ್ಯಾಕ್ಟರನ್ನು ಬಾವುಟದ ಕಡೆ ನೂಕಲು ನಿಂತರು. ಅವರು ನೂಕುತ್ತಿದ್ದರು, ನಾನು ಎರಡೂ ಕಾಲಿನಿಂದ ಬ್ರೇಕಿನ ಮೇಲೆ ನಿಂತಿದ್ದೆ. ಅವರ ಅಂಗಿ ತೊಯ್ದು ಹೋದವು. ಅಷ್ಟರಲ್ಲಿ ಅಳಿಯನ ಇಂಜಿನ್ ಚಾಲೂ ಆಗಿ, ಅವನು ಹೋಗಿ ಬಾವುಟ ಮುಟ್ಟಿದ.

ನೂಕಿದವರಲ್ಲಿ ಒಬ್ಬ ನನ್ನ ಹತ್ತಿರ ಬಂದು, ಏದುಸಿರು ಬಿಡುತ್ತ, ಬಹಳ ಮರ್ಯಾದೆಯಿಂದ ಹೇಳಿದ: "ಅಣ್ಣಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಟ್ರ್ಯಾಕ್ಟರ್ ಭಾಳ ಭಾರ ಅದ."

೨. ಎಂಟು ಸ್ಟೀಲಿನ ಕೊಡ

ಸೋಲುವುದೂ ಒಂದು ಕಸುಬು. ಹಾಗೆಲ್ಲ ಇಳಿದು ಟೈರು ಒದೆಯುವುದು ಕಲಿಯದವರ ಕೆಲಸ ಅಂತ ನನಗೆ ಬೇಗನೆ ತಿಳಿಯಿತು. ಕಡೆಯ ಹತ್ತು ಮಾರಿನವರೆಗೆ ಅಳಿಯನ ಸರಿಸಮ ಬರಬೇಕು, ಆಮೇಲೆ ಕ್ಲಚ್ಚಿನ ಮೇಲೆ ಕಾಲು ಒಂದಿಷ್ಟೇ ಇಟ್ಟು ಒಂದು ಗೇಣು ಹಿಂದೆ ಉಳಿಯಬೇಕು. ನೋಡಿದವರು "ಅಯ್ಯೋ, ಇಷ್ಟರಲ್ಲಿ ತಪ್ಪಿತು" ಅನ್ನಬೇಕು. ಹೀಗೆ ನಾನು ಊರೂರಲ್ಲಿ ಗೇಣು ಲೆಕ್ಕದಲ್ಲಿ ಸೋತೆ. ಮೊದಲನೆಯವರಿಗೆ ಢಾಲು ಅನ್ನುವ ಶೀಲ್ಡು, ಜೊತೆಗೊಂದು ದೊಡ್ಡ ಸಾಮಾನು. ಎರಡನೆಯವನಿಗೆ ಎಲ್ಲ ಊರಲ್ಲೂ ಒಂದೇ, ಸ್ಟೀಲಿನ ಕೊಡ.

ಘತ್ತರಗಿಯಲ್ಲಿ ಸ್ಪರ್ಧೆ ಇದ್ದ ದಿನ ಮನೆಯವಳು ಭಾಗ್ಯವಂತಿ ದೇವಿಗೆ ಕಾಯಿ ಒಡೆಸಲು ಬಂದವಳು ಹಾಗೇ ಹೊಲಕ್ಕೂ ಬಂದು ನೋಡಿದಳು. ಮನೆಗೆ ಬಂದ ಮೇಲೆ, ಅಷ್ಟು ನೆಟ್ಟಗೆ ಬಂದವರು ಕಡೆಗೆ ಯಾಕೆ ಕಾಲು ಹಿಡಿದಿರಿ ಅಂತ ಕೇಳಿದಳು. ಟ್ರ್ಯಾಕ್ಟರಿನ ಮೇಲಿದ್ದ ಕಾಲು ಇವಳಿಗೆ ಹೇಗೆ ಕಂಡಿತೋ. ಸುಳ್ಳು ಹೇಳಲಾಗದೆ ಎಲ್ಲ ಹೇಳಿದೆ. ಅವಳ ತವರು ಜೇವರ್ಗಿ. ಅಲ್ಲಿ ಅವಳ ಅಕ್ಕತಂಗಿಯರು ನನಗೆ 'ಎರಡನೇ ನಂಬರ್ ಮಾಮಾ' ಅಂತ ಹೆಸರಿಟ್ಟಿದ್ದಾರಂತೆ.

"ಬ್ಯಾಸಗಿಗಿ ಜೇವರ್ಗಿದಾಗ ಇಡ್ತಾರಂತ," ಅಂದಳು. "ಫಸ್ಟ್ ಬಂದವ್ರಿಗಿ ಕೂಲರ್ ಅದಂತ. ಅಲ್ಲಿ ಒಂದ ಸಲ ಗೆಲ್ಲ್ರಿ. ಅಲ್ಲಿ ನೀವೂ ಅಳಿಯಾನೇ ಅಲ್ಲೇನು?"

ಅಷ್ಟೊತ್ತಿಗೆ ಮನೆಯಲ್ಲಿ ಎಂಟು ಕೊಡ ಕೂಡಿದ್ದವು. ಒಂದರಲ್ಲಿ ಜೋಳ, ಒಂದರಲ್ಲಿ ತೊಗರಿಬೇಳೆ, ಒಂದರಲ್ಲಿ ಉಪ್ಪು, ಹೀಗೆ ಏಳು ತುಂಬಿದ್ದಳು. ಎಂಟನೆಯದನ್ನು ನನ್ನ ಕಣ್ಣ ಮುಂದೆಯೇ ತೊಳೆದು ಒರೆಸಿ ಗೋಡೆಯ ಮಾಡಿನಲ್ಲಿಟ್ಟು, ಇದು ನಿಮ್ಮ ಢಾಲು ಇಡಲಿಕ್ಕೆ ಅಂದಳು. ಒಂದು ತಿಂಗಳಾದ ಮೇಲೆ ಬಗ್ಗಿ ನೋಡಿದೆ. ಒಣಮೆಣಸಿನಕಾಯಿ ಇದ್ದವು.

೩. ಪರದೇಶದ ಕಾರು

ಆಳಂದ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿ ಇದೆ. ಅಲ್ಲಿಯ ಚಾಚಾನ ಹತ್ತಿರ ಟ್ರಾಲಿಯ ಟೈರು ಬಿಚ್ಚಿಸುತ್ತ ಕುಂತಿದ್ದೆ. ನನ್ನ ಕಾಲು ಅಲುಗಾಡುತ್ತಿತ್ತು, ಕುಂತ ಸ್ಟೂಲೂ ಅದರ ಸಂಗಡ ಅಲುಗಾಡುತ್ತಿತ್ತು. ಆಗ ಬೈಕಿನವನೊಬ್ಬ ಮೊಬೈಲಿನಲ್ಲಿ ಪರದೇಶದ ಕಾರು ರೇಸು ತೋರಿಸಿದ. ಒಂದೇ ಕಂಪನಿಯ ಎರಡು ಕಾರು, ಒಂದರ ಹಿಂದೊಂದು. ಮುಂದಿದ್ದವನಿಗೆ ಕಂಪನಿಯವರು ಕಿವಿಯಲ್ಲಿ ರೇಡಿಯೊದಿಂದ ಹೇಳಿದರಂತೆ, ಹಿಂದಿನವನಿಗೆ ದಾರಿ ಬಿಡು ಅಂತ. ಅವನು ಬಿಟ್ಟ. ನೋಡುತ್ತಿದ್ದ ಜನ ಹೋ ಅಂತ ಕೂಗಿ ಗದ್ದಲ ಎಬ್ಬಿಸಿದರು.

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಹೆಲ್ಮೆಟ್ ತೆಗೆದಾಗ ಆ ಎರಡನೆಯವನ ಮುಖ ನೋಡಬೇಕಿತ್ತು. ಸ್ಟೀಲಿನ ಕೊಡ ಹಿಡಿದು ಮನೆಗೆ ಹೋಗುವ ನನ್ನ ಮುಖವೇ ಅದು, ಬಣ್ಣ ಮಾತ್ರ ಬೇರೆ.

ಅಂಗಡಿಯಲ್ಲಿ ದೊಡ್ಡ ವಾದವೇ ನಡೆಯಿತು. ಗಾಡಿ ಯಾರದೋ ಹುಕುಂ ಅವರದು, ಡ್ರೈವರ್ ಕೇಳಬೇಕು ಅಂತ ಬೈಕಿನವನು. ಬಿಸಿಲಲ್ಲಿ ನಿಂತು ನೋಡುವ ಮಂದಿಗೆ ಇದು ಮೋಸ ಅಂತ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮಾಸ್ತರು. ಮಾಸ್ತರ ಬಸ್ಸು ಬಂತು, ಹೋಯಿತು, ಅವರು ಹತ್ತಲಿಲ್ಲ. ಚಾಚಾ ಮಾತ್ರ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತ ಸುಮ್ಮನಿದ್ದ. ಎಲ್ಲ ಕೇಳಿ ಮುಗಿದ ಮೇಲೆ ಕೈ ಒರೆಸಿಕೊಂಡು ಮೊಬೈಲು ಇಸಿದುಕೊಂಡ.

"ಈ ಫಸ್ಟ್ ಬಂದಾವ ಯಾರ ಅಳಿಯಾ?"

ಯಾರ ಅಳಿಯನೂ ಅಲ್ಲ ಚಾಚಾ, ಅಂದ ಬೈಕಿನವನು.

"ಅರೇ, ಬರೋಬ್ಬರಿ ನೋಡೋ. ಯಾರದರ ಜಮಾಯಿ ಇರಲೇಬೇಕು."

೪. ಎಮ್ಮೆ ಈದದ್ದು

ಸಾಹುಕಾರರು ಶಾಮಿಯಾನದಲ್ಲಿ ಕುಂತು ಟವೆಲ್ ಬೀಸಿ ನನಗೆ ಸನ್ನೆ ಮಾಡುತ್ತಿದ್ದರು. ಬೇರೆ ಡ್ರೈವರುಗಳು ಇದನ್ನು ಪತ್ತೆ ಹಚ್ಚಿ ಗದ್ದಲ ಮಾಡಿದರು. ಕಿಣ್ಣಿ ಸುಲ್ತಾನದ ಸ್ಪರ್ಧೆಗೆ ಬರುವಷ್ಟರಲ್ಲಿ ಕಮಿಟಿಯವರು ಹೊಸ ನಿಯಮ ಮಾಡಿದ್ದರು. ಮಾಲಕರು ಡ್ರೈವರಿಗೆ ಸನ್ನೆ ಮಾಡುವಂತಿಲ್ಲ, ಡ್ರೈವರು ಮೊಬೈಲು ಇಟ್ಟುಕೊಳ್ಳುವಂತಿಲ್ಲ.

ಸಾಹುಕಾರರು ಇದಕ್ಕೆಲ್ಲ ಜಗ್ಗುವವರಲ್ಲ. ನನ್ನನ್ನು ಕರೆದು ಹೇಳಿದರು: "ಮೈಕಿನಾಗ ನಿಮ್ಮ ಮನಿ ಎಮ್ಮಿ ಈದದ ಅಂತ ಕೇಳಿದ ಕೂಡ್ಲೆ ಕಾಲ ಹಿಡಿ." ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ, ಒಂದು ಆಡಿದೆ ಅಷ್ಟೇ. ಅದನ್ನು ಹೇಳಿದೆ. ಎಮ್ಮೆ ಇರಲೇಬೇಕು ಅಂತ ಎಲ್ಲಿದೆ ಅಂದರು.

ಸ್ಪರ್ಧೆ ನಡೆದಾಗ ಮೈಕಿನವನಿಗೆ ಚೀಟಿ ಹೋಯಿತು. ಅವನು ಪಾಪ, ನಂಬಿ ಸಂತೋಷದಿಂದಲೇ ಕೂಗಿದ: "ಎರಡನೇ ನಂಬರ್ ಟ್ರ್ಯಾಕ್ಟರ್ ಡ್ರೈವರ್ ಅವರ ಮನಿಯಾಗ ಎಮ್ಮಿ ಈದದ." ನಾನು ಕಾಲು ಹಿಡಿದೆ, ಅಳಿಯ ಗೆದ್ದ. ಹೀಗೆ ಎರಡು ತಿಂಗಳಲ್ಲಿ ನಾಲ್ಕು ಊರಲ್ಲಿ ನಮ್ಮ ಎಮ್ಮೆ ನಾಲ್ಕು ಸಲ ಈಯಿತು. ಎಲ್ಲ ಕಡೆ ಮೈಕಿನವನು ಅವನೊಬ್ಬನೇ. ಮೂರನೆಯ ಸಲಕ್ಕೆ ಅವನು ತನ್ನ ಕಡೆಯಿಂದ ಹೆಣ್ಣು ಕರು ಅಂತಲೂ ಸೇರಿಸಿದ.

ಇದರಲ್ಲಿ ಸೋತು ಸುಣ್ಣವಾದವಳು ಮನೆಯವಳು. ಎಮ್ಮೆ ಈದರೆ ಓಣಿಗೆಲ್ಲ ಗಿಣ್ಣದ ಹಾಲು ಹಂಚುವುದು ಪದ್ಧತಿ. ಮೈಕಿನ ಸುದ್ದಿ ಕೇಳಿ, ಎಮ್ಮೆಯನ್ನು ಹೊಲದಲ್ಲಿ ಕಟ್ಟಿರಬೇಕು ಅಂದುಕೊಂಡು, ಮೊದಲ ಸಲ ನಾಲ್ಕು ಜನ ಹೆಂಗಸರು ಚರಗಿ ಹಿಡಿದು ಬಾಗಿಲಿಗೆ ಬಂದರು. ನಾಲ್ಕನೆಯ ಸಲ ಓಣಿಗೆ ಓಣಿಯೇ ಬಂದು ನಿಂತು, ಪ್ರತಿ ಸಲ ಒಬ್ಬರೇ ಗಿಣ್ಣ ತಿಂದು ಮುಗಿಸುತ್ತೀರಲ್ಲ, ನಿಮ್ಮ ಮನಸ್ಸು ಎಂಥದು ಅಂತ ಕೇಳಿತು. ಅವಳು ಅಳುಮುಖ ಮಾಡಿಕೊಂಡು ಒಳಗೆ ಹೋದಳು.

ಮರುದಿನ ಆಳಂದ ಸಂತೆಯ ದನದ ವ್ಯಾಪಾರಿಯೊಬ್ಬ ಎಮ್ಮೆ ಕೊಡಿರಿ ಅಂತ ಬಂದ. ಕೊಡುವುದಿಲ್ಲ ಅಂದೆ. ಒಂದು ಸಲ ತೋರಿಸಿರಿ ಅಂದ. ತೋರಿಸುವುದಿಲ್ಲ ಅಂದೆ. ಅವನು ಸುತ್ತಮುತ್ತ ನೋಡಿ, ನನ್ನ ಹತ್ತಿರ ಸರಿದು, ದನಿ ಸಣ್ಣದು ಮಾಡಿದ.

"ಕೊಡೂದ ಬ್ಯಾಡ್ರಿ. ಏನ್ ಮೇವು ಹಾಕ್ತೀರಿ, ಅಷ್ಟರ ಹೇಳ್ರಿ."

೫. ಜೇವರ್ಗಿ

ಜೇವರ್ಗಿಯ ಸ್ಪರ್ಧೆ ಹತ್ತಿರ ಬಂದಂತೆ ನನಗೆ ಅನ್ನ ರುಚಿಸಲಿಲ್ಲ. ಮನೆಯಲ್ಲಿ ಕುಂತರೆ ಹೊರಗೆ ಹೋಗಬೇಕು, ಹೊರಗೆ ಹೋದರೆ ಮನೆಗೆ ಬರಬೇಕು. ಮನೆಯವಳು ಎರಡು ದಿನ ಮುಂಚೆಯೇ ತವರಿಗೆ ಹೋಗಿ, ಈ ಸಲ ನೋಡಿರಿ ಅಂತ ಅಕ್ಕತಂಗಿಯರಿಗೆಲ್ಲ ಹೇಳಿಯೂ ಬಿಟ್ಟಿದ್ದಳು.

ಅಲ್ಲಿಯ ಕಮಿಟಿಯವರು ಇನ್ನೂ ಗಟ್ಟಿ. ಯಾರ ಮನೆಯ ಯಾವ ದನ ಈದರೂ ಮೈಕಿನಲ್ಲಿ ಹೇಳುವುದಿಲ್ಲ ಅಂತ ಬೋರ್ಡೇ ಬರೆಸಿದ್ದರು. ಸಾಹುಕಾರರು ಮುಂಚೆಯೇ ನನ್ನ ಹೆಗಲ ಮೇಲೆ ಕೈಯಿಟ್ಟು, ಹೇಳುವುದೇನು, ನಿನಗೆ ಗೊತ್ತೇ ಇದೆಯಲ್ಲ ಅಂದರು. ನಾನು ಹೂಂ ಅಂದೆ. ಹೂಂ ಅಂದದ್ದು ಬಾಯಿ ಮಾತ್ರ. ಮುಂದಿನ ಸಾಲಿನಲ್ಲಿ ನಮ್ಮ ಮಾವ ಹೊಸ ರುಮಾಲು ಸುತ್ತಿಕೊಂಡು ಕುಂತಿದ್ದ. ಪಕ್ಕದಲ್ಲಿ ಮನೆಯವಳು.

ಅಷ್ಟರಲ್ಲಿ ಅಳಿಯ ಬಂದು ನನ್ನನ್ನು ಟ್ರಾಲಿಯ ಹಿಂದಕ್ಕೆ ಕರೆದುಕೊಂಡು ಹೋದ. ಅವನು ಮದುವೆಗೆ ಮುಂಚೆ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದವನು, ಟ್ರ್ಯಾಕ್ಟರು ಅವನಿಗೆ ಬೇಕಾಗಿರಲೇ ಇಲ್ಲ.

"ಅಣ್ಣಾ, ನೀವು ಸೋತಕೊಡೂದು ನನಗ ಗೊತ್ತಿಲ್ಲೇನ್ರಿ?" ಅಂದ. "ಗೆದ್ದಷ್ಟೂ ಮಾವನವರಿಗಿ ಹುರುಪು ಜಾಸ್ತಿ ಆಗಾಕತ್ತದ. ನನ್ನ ಕುತ್ತಿಗಿ ಈ ಕಡಿ ತಿರಗೂದೇ ಬಂದ್ ಆಗ್ಯದ. ನಾನಾಗೇ ಗೆರಿ ತುಳದ್ರ ಬೇಕಂತ ಮಾಡಿದ ಅಂತ ಅವರಿಗಿ ಗೊತ್ತಾಗ್ತದ. ನಿಮ್ಮ ಕೈಲೆ ಒಮ್ಮಿ ಸೋತ್ರ ನನ್ನ ಬಿಡ್ತಾರ, ನಾ ನನ್ನ ಕ್ಯಾಮೆರಾ ಹಿಡಕೊಂಡ ಹೋಗ್ತೇನಿ. ಕೈ ಮುಗೀತೇನ್ರಿ, ಇವತ್ತ ಗೆಲ್ಲ್ರಿ."

ನನಗೆ ಆಕಾಶ ಮೂರೇ ಗೇಣು ಉಳಿಯಿತು. ಅಳಿಯನೇ ಬೇಡಿಕೊಂಡ ಮೇಲೆ ಸಾಹುಕಾರರ ಮಾತಿಗೆ ಯಾಕೆ ಹೆದರಬೇಕು? ಗೆಲ್ಲುತ್ತೇನೆ ಅಂತ ಮಾತು ಕೊಟ್ಟು ಟ್ರ್ಯಾಕ್ಟರ್ ಹತ್ತಿದೆ.

ಸೀಟಿ ಊದಿದರು. ಎಡಗಾಲು ಕ್ಲಚ್ಚಿನ ಮೇಲೆ ತಕತಕ ಕುಣಿಯುತ್ತಿತ್ತು. ಇಷ್ಟೂ ದಿನ ನಾನು ಗೇಣು ಹಿಂದೆ ಉಳಿಯುವುದನ್ನು ಕಲಿತಿದ್ದೆನೇ ಹೊರತು ಮುಂದೆ ಹೋಗುವುದನ್ನು ಮರೆತೇ ಬಿಟ್ಟಿದ್ದೆ. ಆದರೂ ಎಲ್ಲರಿಗಿಂತ ಮುಂದಿದ್ದೆ. ಆ ಖುಷಿಯಲ್ಲಿ ಒಂದೇ ಒಂದು ಸಲ ಮುಂದಿನ ಸಾಲಿನ ಕಡೆ ನೋಡಿದೆ. ಮನೆಯವಳು ಎದ್ದು ನಿಂತಿದ್ದಳು. ತಿರುಗಿ ನೋಡುವಷ್ಟರಲ್ಲಿ ಟ್ರಾಲಿ ಎಡಕ್ಕೆ ಹೊರಳಿತ್ತು. ಗಾಬರಿಯಲ್ಲಿ ಸ್ಟೇರಿಂಗ್ ಜೋರಾಗಿ ತಿರುವಿದೆ, ಅದು ಬಲಕ್ಕೆ ಹೊರಳಿತು. ಮತ್ತೆ ತಿರುವಿದೆ. ಟ್ರಾಲಿ ಅಡ್ಡಡ್ಡ ತಿರುಗಿ ನನ್ನ ಗೆರೆ ತುಳಿದು, ಪಕ್ಕದವನ ಗೆರೆ ತುಳಿದು, ಅದರಾಚೆಯವನದನ್ನೂ ತುಳಿದು ನಿಂತಿತು. ಬಾವುಟ ಇನ್ನೂ ಅರ್ಧ ಹೊಲ ದೂರವಿತ್ತು.

ಅಳಿಯ? ಸೋಲುವುದು ಗಟ್ಟಿಯಾದ ಮೇಲೆ ಅವನಿಗೆ ಯಾವ ಹೆದರಿಕೆಯೂ ಉಳಿದಿರಲಿಲ್ಲ. ಬಾಯಲ್ಲಿ ಏನೋ ಗುನುಗಿಕೊಳ್ಳುತ್ತ, ಹಗ್ಗ ಹಿಡಿದು ಎಳೆದಷ್ಟು ನೆಟ್ಟಗೆ, ಹಿಂದೆಂದೂ ಇಲ್ಲದ ಜೋರಿನಲ್ಲಿ ಬಂದು ಬಾವುಟ ಮುಟ್ಟಿಬಿಟ್ಟ. ಮುಟ್ಟಿದ ಮೇಲೆ ನನ್ನನ್ನು ಹುಡುಕಿ ಆ ಕಡೆ ಈ ಕಡೆ ನೋಡಿದ.

ಹೊಲದಲ್ಲಿ ಗದ್ದಲವೋ ಗದ್ದಲ. ಇದು ಪಕ್ಕಾ ಮಾತಾಡಿಕೊಂಡ ಆಟ, ಇಷ್ಟು ವರ್ಷದ ಡ್ರೈವರು ಹೀಗೆ ಓಡಿಸುತ್ತಾನೇನು ಅಂತ ಉಳಿದ ಡ್ರೈವರುಗಳು ಸ್ಟೇಜಿಗೆ ನುಗ್ಗಿದರು. ಕಮಿಟಿಯ ಹಿರಿಯರು ನನ್ನನ್ನು ಮೇಲೆ ಕರೆದು ಮೈಕು ಕೈಗೆ ಕೊಟ್ಟರು. ಭಾಗ್ಯವಂತಿಯ ಮೇಲೆ ಆಣೆ ಮಾಡಿ ಹೇಳು, ಬೇಕಂತ ಸೋತಿಯೋ ಹೇಗೆ ಅಂದರು.

ಹೂಂ ಅಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಒಳ್ಳೆಯ ಡ್ರೈವರು, ಮಾಲಕರ ಹುಕುಮಿಗೆ ಕಟ್ಟುಬಿದ್ದ ಅನ್ನುತ್ತಿದ್ದರು. ಸಾಹುಕಾರರು ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಅಳಿಯ ಕೆಳಗಿನಿಂದ ಹೂಂ ಅನ್ನಿರಿ ಅಂತ ಕೈಸನ್ನೆ ಮಾಡುತ್ತಿದ್ದ. ಇಲ್ಲ ಅಂದರೆ ಇಡೀ ಮಾವನ ಊರಿನ ಮುಂದೆ, ನನಗೆ ಓಡಿಸಲು ಬರುವುದಿಲ್ಲ ಅಂತ ನಾನೇ ಡಂಗುರ ಹೊಡೆದ ಹಾಗೆ. ಆದರೆ ಪಾಪದ ಹುಡುಗ ಜನ್ಮದಲ್ಲಿ ಒಮ್ಮೆ ನಿಜವಾಗಿ ಗೆದ್ದಿದ್ದ.

"ಇಲ್ರಿ," ಅಂದೆ. "ಖರೇನೇ ಸೋತೇನಿ. ಗೆಲ್ಲಬೇಕಂತೇ ಬಂದಿದ್ದೆ, ನನ್ನ ಕೈಲೇ ಆಗ್ಲಿಲ್ಲ."

ಆಮೇಲೆ ಯಾರೋ ಒಬ್ಬ ಚಪ್ಪಾಳೆ ಹೊಡೆದ, ಹಿಂದೆಯೇ ಇಡೀ ಹೊಲ ಚಪ್ಪಾಳೆ ಹೊಡೆಯಿತು. ಉಂಡ ಮನೆಗಾಗಿ ತನ್ನ ಮಾನವನ್ನೇ ಕೊಟ್ಟನಲ್ಲ, ಎಂಥ ನಿಯತ್ತಿನ ಮನುಷ್ಯ ಅಂತ ಹಿರಿಯರು ಕಣ್ಣು ಒರೆಸಿಕೊಂಡರು. ಮಾವ ಸ್ಟೇಜಿಗೆ ಬಂದು ತನ್ನ ಹೊಸ ರುಮಾಲನ್ನೇ ಬಿಚ್ಚಿ ನನಗೆ ಸುತ್ತಿದ. ಖರೇ ಹೇಳುತ್ತಿದ್ದೇನೆ ಅಂತ ಎರಡು ಸಲ ಅಂದೆ. ಅಂದಷ್ಟೂ ಚಪ್ಪಾಳೆ ಜೋರಾಯಿತು.

ನಂಬಿದವನು ಅಳಿಯ ಒಬ್ಬನೇ. ಗುಂಪಿನಿಂದ ನನ್ನನ್ನು ಬದಿಗೆ ಎಳೆದು, "ಅಣ್ಣಾ, ಖರೇನ ಗೆದ್ದೇನೇನ್ರಿ ನಾ?" ಅಂದ. ಹೌದು ಅಂದೆ. ಅವನ ಕಣ್ಣು ತುಂಬಿದವು. ಅವತ್ತು ಸಾಹುಕಾರರು ಕೇಳಿದರೂ ಢಾಲು ಕೈಬಿಡಲಿಲ್ಲ. ಮುಂದಿನ ವಾರ ನೋಡಿದರೆ ಕ್ಯಾಮೆರಾ ಮಾರಿ, ಹೊಸ ಟೈರು ಹಾಕಿಸಿದ್ದ.

ಸಾಹುಕಾರರಂತೂ ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ದಿನ ಗೇಣು ಹಿಂದೆ ಉಳಿಯುತ್ತಿದ್ದೆ, ಇವತ್ತು ನಮಗಾಗಿ ಮೂರು ಮಂದಿಯ ಗೆರೆ ತುಳಿದೆ, ಯಾರು ಮಾಡುತ್ತಾರೆ ಇಷ್ಟು ಅಂದರು. ಬೇಡ ಬೇಡ ಅಂದರೂ ಕೇಳದೆ ಅಳಿಯನಿಗೆ ಬಂದ ಕೂಲರನ್ನು ನನ್ನ ಟ್ರಾಲಿಗೆ ಹೇರಿಸಿ ಕಳಿಸಿದರು.

ಮರುದಿನ ಮಧ್ಯಾಹ್ನ ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಕೂಲರು ಭರ್ರೆಂದು ತಿರುಗುತ್ತಿತ್ತು. ಮನೆಯವಳು ಅದರ ಮುಂದೆ ಕುಂತು ಕೂದಲು ಆರಿಸಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು, ನಿನ್ನೆ ಬೇಕಂತ ಸೋತಿರೋ ಹೇಗೆ ಅಂತ. ಊರೆಲ್ಲ ಹೊಗಳುತ್ತಿತ್ತು, ಮಾವನ ರುಮಾಲು ಗೂಟಕ್ಕೆ ತೂಗುತ್ತಿತ್ತು. ಇನ್ನೊಮ್ಮೆ ನಿಜ ಹೇಳುವ ಶಕ್ತಿ ನನಗಿರಲಿಲ್ಲ. ಹೌದು, ಬೇಕಂತಲೇ ಸೋತೆ, ಸಾಹುಕಾರರ ಮಾತು ಮೀರಲಾಗಲಿಲ್ಲ ಅಂದೆ.

ಅವಳು ಕೂದಲು ಗಂಟು ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಸುಳ್ಳ ಹೇಳಬ್ಯಾಡ್ರಿ. ಬೇಕಂತ ಸೋಲೂದು ನಿಮಗ ಇದರಕಿಂತ ಚೆಂದ ಬರ್ತದ."